ಜಾವೆಲಿನ್ ಹುಡುಗ ಬೇಸ್‌ಬಾಲ್‌ನಲ್ಲಿ ಎಲ್ಲಿಯವರೆಗೆ ಹೋದರು?

ಪ್ರಶ್ನೆ: ಪಿಯುಸಿ ಓದುತ್ತಿರುವ ನನ್ನ ಮಗ ಜಾವೆಲಿನ್ ಎಸೆಯುತ್ತಾನೆ. ರಿಂಕು ಸಿಂಗ್ ಎಂಬ ಜಾವೆಲಿನ್ ಪಟು ಅಮೆರಿಕದಲ್ಲಿ ಬೇಸ್‌ಬಾಲ್ ಪಿಚರ್ (ಬ್ಯಾಟರ್‌ಗೆ ಚೆಂಡೆಸೆಯುವವರು) ಆದರೆಂದು ಓದಿ, ತಾನೂ ಆ ದಾರಿ ಹಿಡಿಯುತ್ತೇನೆ ಎನ್ನುತ್ತಿದ್ದಾನೆ. ಅವರು ನಿಜವಾಗಿ ಎಷ್ಟು ಮೇಲೇರಿದರು? ಅದರಲ್ಲಿ ಹೊಟ್ಟೆ ತುಂಬುತ್ತದೆಯೇ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ನೀವು ಕೇಳುತ್ತಿರುವುದು ಕ್ರಿಕೆಟಿಗ ರಿಂಕು ಸಿಂಗ್ ಅವರ ಬಗ್ಗೆ ಅಲ್ಲ, ಇವರು ಉತ್ತರ ಪ್ರದೇಶದ ಭದೋಹಿಯ ಲಾರಿ ಚಾಲಕರೊಬ್ಬರ ಮಗ. 2008ರಲ್ಲಿ ಬೇಸ್‌ಬಾಲ್ ಪಿಚರ್‌ಗಳನ್ನು ಹುಡುಕಲು ನಮ್ಮ ದೇಶದಲ್ಲೇ ನಡೆದ ‘ಮಿಲಿಯನ್ ಡಾಲರ್ ಆರ್ಮ್’ ಸ್ಪರ್ಧೆಯಲ್ಲಿ ಗಂಟೆಗೆ 87 ಮೈಲಿ ವೇಗದಲ್ಲಿ ಎಡಗೈಯಿಂದ ಎಸೆದು ಗೆದ್ದರು. ಅದಕ್ಕೆ ಮೊದಲು ಬೇಸ್‌ಬಾಲ್ ಆಡಿದವರೇ ಅಲ್ಲ. ಅದೇ ವರ್ಷದ ಕೊನೆಗೆ ಪಿಟ್ಸ್‌ಬರ್ಗ್ ಪೈರೇಟ್ಸ್ ತಂಡ ಅವರನ್ನೂ ಇನ್ನೊಬ್ಬ ಜಾವೆಲಿನ್ ಪಟು ದಿನೇಶ್ ಪಟೇಲ್ ಅವರನ್ನೂ ಸೇರಿಸಿಕೊಂಡಿತು.

ಪೈರೇಟ್ಸ್‌ನಂಥ ಮೇಜರ್ ಲೀಗ್ (ಅಮೆರಿಕದ ಬೇಸ್‌ಬಾಲ್‌ನ ಅತ್ಯುನ್ನತ ಹಂತ) ತಂಡದೊಡನೆ ಒಪ್ಪಂದವಾಯಿತೆಂದರೆ ಮೇಜರ್ ಲೀಗ್‌ನಲ್ಲಿ ಆಡಿದಂತಲ್ಲ. ಅದರ ಕೆಳಗೆ ಮೈನರ್ ಲೀಗ್‌ನ ಹಲವು ಹಂತಗಳಿವೆ. ರಿಂಕು 2009ರಲ್ಲಿ ಫ್ಲಾರಿಡಾದ ಗಲ್ಫ್ ಕೋಸ್ಟ್ ಲೀಗ್‌ನಲ್ಲಿ, ಅಂದರೆ ತಳಮಟ್ಟದಲ್ಲಿ, ಆರಂಭಿಸಿದರು. ಅಲ್ಲಿಂದ ಪೆನ್ಸಿಲ್ವೇನಿಯಾದ ಸ್ಟೇಟ್ ಕಾಲೇಜ್ ಸ್ಪೈಕ್ಸ್ ತಂಡ, ಬಳಿಕ ಲೋ ಎ ಹಂತದ ವೆಸ್ಟ್ ವರ್ಜೀನಿಯಾ ಪವರ್ ತಂಡ. ಅಮೆರಿಕದಲ್ಲಿ ಚಳಿಗಾಲ ಬಂದಾಗ ಆಸ್ಟ್ರೇಲಿಯಾಕ್ಕೆ ಹೋಗಿ ಕ್ಯಾನ್‌ಬೆರಾ ಕ್ಯಾವಲ್ರಿ ತಂಡಕ್ಕೂ ಎಸೆದರು. ವೆಸ್ಟ್ ವರ್ಜೀನಿಯಾದಿಂದ ಮೇಜರ್ ಲೀಗ್ ಮುಟ್ಟಲು ಹೈ ಎ, ಡಬಲ್ ಎ, ಟ್ರಿಪಲ್ ಎ ಎಂಬ ಮೂರು ಮೆಟ್ಟಿಲು ಬಾಕಿ ಇದ್ದವು. ಅವರು ಸೋತರೆಂದು ಬರೆಯುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಎಳವೆಯಿಂದಲೇ ಚೆಂಡು ಹಿಡಿದು ಬೆಳೆದ ಅಮೆರಿಕನ್ನರಲ್ಲೂ ಬಹಳಷ್ಟು ಮಂದಿ ಅಲ್ಲಿಯವರೆಗೂ ಬರುವುದಿಲ್ಲ.

ಅವರನ್ನು ತಡೆದದ್ದು ಮೈಗಾದ ಗಾಯಗಳು. 2013ರಿಂದ ಗಾಯದ ಮೇಲೆ ಗಾಯವಾಗಿ, ಮೊಣಕೈಗೆ ‘ಟಾಮಿ ಜಾನ್’ ಶಸ್ತ್ರಚಿಕಿತ್ಸೆ ಬೇಕಾಯಿತು. ಮೊಣಕೈಯ ಒಳಬದಿಯ ಅಸ್ಥಿರಜ್ಜು (ಮೂಳೆಗೆ ಮೂಳೆ ಜೋಡಿಸುವ ಪಟ್ಟಿ) ಹರಿದಾಗ ಮುಂಗೈಯಿಂದಲೋ ತೊಡೆಯಿಂದಲೋ ಸ್ನಾಯುರಜ್ಜು ತೆಗೆದು ಅಲ್ಲಿ ಕಸಿ ಮಾಡುತ್ತಾರೆ. 1974ರಲ್ಲಿ ಡಾ. ಫ್ರ್ಯಾಂಕ್ ಜೋಬ್ ಇದನ್ನು ಮೊದಲು ಮಾಡಿದ್ದು ಟಾಮಿ ಜಾನ್ ಎಂಬ ಪಿಚರ್‌ಗೆ. ಪಿಚರ್ ಮತ್ತೆ ಪಂದ್ಯಕ್ಕೆ ಮರಳಲು ಒಂದು ವರ್ಷ, ಕೆಲವೊಮ್ಮೆ ಒಂದೂವರೆ ವರ್ಷ ಹಿಡಿಯುತ್ತದೆ. ರಿಂಕು ಮರಳಲಾಗಲಿಲ್ಲ, 2018ರಲ್ಲಿ ಡಬ್ಲ್ಯುಡಬ್ಲ್ಯುಇ ಕುಸ್ತಿಗೆ ಸೇರಿದರು.

ಇನ್ನು ಹೊಟ್ಟೆಪಾಡು. ಅವರು ಆರಂಭಿಸಿದ ಕಾಲದಲ್ಲಿ ಮೊದಲ ವರ್ಷದ ಮೈನರ್ ಲೀಗ್ ಆಟಗಾರನಿಗೆ ತಿಂಗಳಿಗೆ ಸುಮಾರು 1,100 ಡಾಲರ್, ಅದೂ ಪಂದ್ಯಗಳಿರುವ ತಿಂಗಳುಗಳಲ್ಲಿ ಮಾತ್ರ. 2023ರಲ್ಲಿ ಆಟಗಾರರ ಸಂಘ ಒಪ್ಪಂದ ಮಾಡಿಸಿದ ಮೇಲೆ ಪರಿಸ್ಥಿತಿ ಸುಧಾರಿಸಿತು: ಲೋ ಎ ಹಂತದ ಕನಿಷ್ಠ ವಾರ್ಷಿಕ ಸಂಬಳ 11,000ದಿಂದ 26,200 ಡಾಲರ್‌ಗೆ, ಟ್ರಿಪಲ್ ಎ ಹಂತದ್ದು 17,500ರಿಂದ 35,800ಕ್ಕೆ ಏರಿತು. ಅಮೆರಿಕದ ಖರ್ಚಿನಲ್ಲಿ ಇದು ಊರಿಗೆ ಹಣ ಕಳುಹಿಸುವಷ್ಟು ದೊಡ್ಡ ಮೊತ್ತವಲ್ಲ.

ದೈಹಿಕ ಶಿಕ್ಷಕಿಯಾಗಿ ಮಕ್ಕಳಿಗೆ ಜಾವೆಲಿನ್ ಕಲಿಸಿದವಳು ನಾನು. ನಿಮ್ಮ ಮಗನ ಆಸೆಗೆ ಅಡ್ಡ ಬರಬೇಡಿ, ಪಿಯುಸಿಯನ್ನೂ ಬಿಡಿಸಬೇಡಿ. ಎಸೆದ ಮರುದಿನ ಮೊಣಕೈಯ ಒಳಬದಿ ನೋಯುತ್ತದೆಯೇ ಎಂದು ಇವತ್ತೇ ಕೇಳಿ. ಹೌದೆಂದರೆ ಎಸೆತ ನಿಲ್ಲಿಸಿ, ಮೊದಲು ಮೂಳೆತಜ್ಞರಿಗೆ ತೋರಿಸಿ.