ಹೆಬ್ಬೆಟ್ಟು ಒತ್ತಿದ್ರೆ ಒಪ್ಪಿದಂಗಾ? – ಓದುಗರ ಮೊಬೈಲ್ ಪ್ರಶ್ನೋತ್ತರ

ಪ್ರಶ್ನೆ: ತುಮಕೂರಿನ ವಸಂತನರಸಾಪುರದಲ್ಲಿ ಶಿಫ್ಟ್ ಸೂಪರ್‌ವೈಸರ್ ಆಗಿದೀನಿ. ಹುಡುಗ್ರು ಗ್ರೂಪಲ್ಲಿ ರಜಾ ಕೇಳಿ ಮೆಸೇಜ್ ಹಾಕ್ತಾರೆ, ನಾನು ನೋಡಿದ್ನೋ ಇಲ್ವೋ ಅಂತ ಗೊತ್ತಾಗದೆ ಫೋನ್ ಮೇಲೆ ಫೋನು. ಅಂಥ ಮೆಸೇಜ್ ಬಂದ ತಕ್ಷಣ ತಾನಾಗೇ ಹಸಿರು ಟಿಕ್ ಬೀಳೋ ಥರ ಟೂಲ್ ಮಾಡ್ಕೋಬಹುದಾ? ಸ್ವಲ್ಪ ಪೈಥಾನ್ ಪ್ರೋಗ್ರಾಮಿಂಗ್ ಬರುತ್ತೆ.

ಉತ್ತರ: ಮಾಡ್ಕೋಬಹುದು ಸರ್, ಆದ್ರೆ ಗ್ರೂಪ್ ಯಾವ ಆ್ಯಪಲ್ಲಿದೆ ಅನ್ನೋದು ಮುಖ್ಯ. ವಾಟ್ಸಾಪಿಗೆ ರಿಯಾಕ್ಷನ್, ಅಂದ್ರೆ ಮೆಸೇಜಿಗೆ ಇಮೋಜಿ ಅಂಟಿಸೋ ಸೌಲಭ್ಯ, ಬಂದಿದ್ದೇ 2022ರ ಮೇನಲ್ಲಿ, ಮೊದಲು ಆರೇ ಇಮೋಜಿ, ಜುಲೈಲಿ ಎಲ್ಲಾ ಇಮೋಜಿನೂ ಹಾಕೋಕೆ ಬಿಟ್ರು. ಅದರ ಕ್ಲೌಡ್ ಎಪಿಐಲೂ (ನಮ್ಮ ಪ್ರೋಗ್ರಾಂನಿಂದ ವಾಟ್ಸಾಪ್ ಮೆಸೇಜ್ ಕಳಿಸೋ ದಾರಿ) ರಿಯಾಕ್ಷನ್ ಕಳಿಸೋ ಸೌಲಭ್ಯ ಇದೆ, ಮೆಸೇಜು 30 ದಿನಕ್ಕಿಂತ ಹಳೇದಾಗಿರಬಾರದು ಅಷ್ಟೇ, ಆದ್ರೆ ಅದು ಬಿಸಿನೆಸ್ ನಂಬರಿಗೆ, ನಿಮ್ಮ ಸ್ವಂತ ನಂಬರಿನ ಮಾಮೂಲಿ ಗ್ರೂಪಿಗಲ್ಲ. ಯಾರೋ ಮಾಡಿಟ್ಟಿರೋ ನಕಲಿ ವಾಟ್ಸಾಪ್ ಹಾಕ್ಕೊಂಡು ಈ ಕೆಲಸ ಮಾಡೋಕೆ ದಯವಿಟ್ಟು ಹೋಗ್ಬೇಡಿ, ಅಕೌಂಟೇ ಬ್ಯಾನ್ ಆಗುತ್ತೆ.

ನನ್ನ ಕೇಳಿದ್ರೆ ರಜಾಗೆ ಅಂತಲೇ ಟೆಲಿಗ್ರಾಮಲ್ಲಿ ಬೇರೆ ಗ್ರೂಪ್ ಮಾಡಿ. ಬಾಟ್‌ಫಾದರ್ ಅನ್ನೋ ಟೆಲಿಗ್ರಾಮಿನದೇ ಖಾತೆ ಹತ್ರ ಒಂದು ಬಾಟ್ (ತಾನಾಗೇ ಕೆಲಸ ಮಾಡೋ ಪ್ರೋಗ್ರಾಂ ಖಾತೆ) ಮಾಡಿಸ್ಕೊಂಡು ಗ್ರೂಪಿಗೆ ಸೇರಿಸಿ, ಅಡ್ಮಿನ್ ಮಾಡಿ, ಇಲ್ಲಾಂದ್ರೆ ಪ್ರೈವಸಿ ಮೋಡ್ ಇರೋದ್ರಿಂದ ಮಾಮೂಲಿ ಮೆಸೇಜುಗಳು ಅದಕ್ಕೆ ಕಾಣೋದೇ ಇಲ್ಲ, ಬಹಳ ಜನ ಇಲ್ಲೇ ಸಿಕ್ಕಾಕ್ಕೊಂಡು ಕೋಡ್ ತಪ್ಪಿದೆ ಅಂತ ಒದ್ದಾಡ್ತಾರೆ. ಆಮೇಲೆ ಸೆಟ್‌ಮೆಸೇಜ್‌ರಿಯಾಕ್ಷನ್ ಅನ್ನೋ ಕಮಾಂಡಿಗೆ ಗ್ರೂಪ್ ಐಡಿ, ಮೆಸೇಜ್ ಐಡಿ, ಇಮೋಜಿ ಮೂರು ಕೊಟ್ರೆ ರಿಯಾಕ್ಷನ್ ಬೀಳುತ್ತೆ. ಹಳೇ ಲ್ಯಾಪ್‌ಟಾಪಲ್ಲೇ ಓಡಿಸಬಹುದು. ಕರೆಂಟ್ ಹೋದ್ರೂ ಚಿಂತೆ ಇಲ್ಲ, ಅಷ್ಟೊತ್ತು ಬಂದ ಮೆಸೇಜುಗಳನ್ನ ಟೆಲಿಗ್ರಾಮ್ 24 ಗಂಟೆ ತನಕ ಸರ್ವರಲ್ಲಿ ಇಟ್ಕೊಂಡಿರುತ್ತೆ, ಕರೆಂಟ್ ಬಂದ್ಮೇಲೆ ಬಾಟ್ ಎತ್ಕೊಳ್ಳುತ್ತೆ. ಆಫೀಸಲ್ಲಿ ಸ್ಲ್ಯಾಕ್ ಅನ್ನೋ ಚಾಟ್ ಆ್ಯಪ್ ಇದ್ರೆ ಇನ್ನೂ ಸುಲಭ, ಅಲ್ಲಿ ರಿಯಾಕ್ಷನ್ 2015ರಿಂದಲೇ ಇದೆ.

ಹಸಿರು ಟಿಕ್ ಮಾತ್ರ ಬೇಡ. ಒಂದು, ಟೆಲಿಗ್ರಾಮ್ ಬಾಟಿಗೆ ಕೊಟ್ಟಿರೋ ಮಾಮೂಲಿ ಇಮೋಜಿ ಪಟ್ಟಿಲಿ ಅದು ಇಲ್ವೇ ಇಲ್ಲ. ಅದಕ್ಕಿಂತ ಮುಖ್ಯವಾಗಿ, ಟಿಕ್ ನೋಡಿದ ಹುಡುಗ ರಜಾ ಸಿಕ್ತು ಅಂದ್ಕೊಂಡು ಬಸ್ ಹತ್ತಿಬಿಡ್ತಾನೆ, ನೀವು ಇನ್ನೂ ಮೆಸೇಜೇ ಓದಿರಲ್ಲ. ‘ನಂಗೆ ರಜಾ ಬೇಡ ಸರ್, ಬರ್ತೀನಿ’ ಅಂದವನಿಗೂ ಬಾಟು ರಜಾ ಅನ್ನೋ ಪದ ನೋಡಿ ಟಿಕ್ ಹಾಕುತ್ತೆ. ಅದಕ್ಕೆ ಬಾಟ್ ಹಾಕೋದು ಎರಡು ಕಣ್ಣಿನ ಇಮೋಜಿ ಇರಲಿ, ಮೆಸೇಜು ತಲುಪಿದೆ ಅಂತ ಅರ್ಥ. ಕೊಟ್ಟೆ ಅನ್ನೋಕೆ ಥಮ್ಸ್ ಅಪ್, ಅದನ್ನ ನೀವೇ ನಿಮ್ಮ ಕೈಯಾರೆ ಒತ್ತಿ. ಈ ಎರಡರ ಅರ್ಥಾನೂ ಬರೆದು ಗ್ರೂಪಲ್ಲಿ ಪಿನ್ ಮಾಡ್ಬಿಡಿ. ಒಬ್ಬನ ಒಂದು ದಿನದ ಸಂಬಳದ ವಿಷಯ, ಅದನ್ನ ಮಷಿನ್ ತೀರ್ಮಾನ ಮಾಡಬಾರದು.

ಪ್ರಶ್ನೆ: ಕೋಲಾರದ ಹತ್ರ ಟೊಮೆಟೊ ಬೆಳೀತೀವಿ. ತೋಟಕ್ಕೇ ಬಂದು ತಗೊಳ್ಳೋ ವ್ಯಾಪಾರಿಯೊಬ್ರು ಬಾಕ್ಸಿಗೆ ಇಷ್ಟು ಅಂತ ರೇಟ್ ವಾಟ್ಸಾಪ್ ಮಾಡಿದ್ರು, ನೋಡ್ದೆ ಅಂತ ಹೆಬ್ಬೆಟ್ಟಿನ ಇಮೋಜಿ ಒತ್ತಿದೆ. ಮಾರನೇ ದಿನ ರೇಟ್ ಏರ್ತು, ಮಂಡಿಗೆ ಹಾಕಿದೆ. ಈಗ ‘ಒಪ್ಕೊಂಡು ಕೈ ಕೊಟ್ಟೆ’ ಅಂತಿದಾರೆ. ಅದು ಒಪ್ಪಿಗೆ ಆಗುತ್ತಾ?

ಉತ್ತರ: ಆಗಲೂಬಹುದು, ಆಗದೇನೂ ಇರಬಹುದು ಅಣ್ಣ, ಅದಕ್ಕೇ ಹುಷಾರಾಗಿರಬೇಕು. ಕೆನಡಾದ ಸಸ್ಕಾಚೆವಾನ್‌ನಲ್ಲಿ ಹೆಚ್ಚೂ ಕಮ್ಮಿ ಇಂಥದೇ ಕೇಸ್ ನಡೀತು. 2021ರಲ್ಲಿ ಧಾನ್ಯದ ವ್ಯಾಪಾರಿ ಅಗಸೆ ಬೀಜದ ಕರಾರಿನ ಫೋಟೊ ಕಳಿಸಿ ಕನ್ಫರ್ಮ್ ಮಾಡಿ ಅಂದ, ರೈತ ಒಂದು ಥಮ್ಸ್ ಅಪ್ ಕಳಿಸಿದ. ಬೆಲೆ ಏರಿತು, ರೈತ ಮಾಲು ಕೊಡಲಿಲ್ಲ. ಕರಾರು ಬಂತು ಅಂತಷ್ಟೇ ಹೇಳಿದ್ದು ಅಂತ ವಾದ ಮಾಡಿದ. 2023ರಲ್ಲಿ ಕೋರ್ಟ್ ಒಪ್ಪಲಿಲ್ಲ, ಯಾಕಂದ್ರೆ ಅವರಿಬ್ಬರ ಹಿಂದಿನ ವ್ಯವಹಾರಗಳೆಲ್ಲ ‘ಓಕೆ’, ‘ಹೂಂ’ ಅನ್ನೋ ತುಂಡು ಮೆಸೇಜಲ್ಲೇ ಕುದುರಿದ್ವು, ಮಾಲೂ ಹೋಗಿತ್ತು. 82 ಸಾವಿರ ಕೆನಡಾ ಡಾಲರಿಗೂ ಮೇಲೆ ಕಟ್ಟು ಅಂತು, 2024ರಲ್ಲಿ ಮೇಲಿನ ಕೋರ್ಟೂ ಅದನ್ನೇ ಎತ್ತಿಹಿಡೀತು.

ನಮ್ಮಲ್ಲಿ ಉಲ್ಟಾ ಕಡೆಗೆ ತೂಗೋ ತೀರ್ಪೂ ಇದೆ. ಮೇಲಧಿಕಾರಿ ಕೊಲೆಯಾದ ಬಗ್ಗೆ ಗ್ರೂಪಲ್ಲಿ ಬಂದ ಮೆಸೇಜಿಗೆ ಥಮ್ಸ್ ಅಪ್ ಹಾಕಿದ ಅಂತ ಕೆಲಸ ಕಳ್ಕೊಂಡಿದ್ದ ರೈಲ್ವೆ ರಕ್ಷಣಾ ಪಡೆ ಸಿಬ್ಬಂದಿಯೊಬ್ಬರ ಪರವಾಗಿ ಮದ್ರಾಸ್ ಹೈಕೋರ್ಟ್ 2024ರಲ್ಲಿ ನಿಂತು, ಅದು ನೋಡ್ದೆ, ಓಕೆ ಅನ್ನೋ ಅರ್ಥಾನೂ ಆಗುತ್ತೆ, ಕೊಲೆಗೆ ಖುಷಿಪಟ್ಟಂಗಲ್ಲ ಅಂತು. ಅಂದ್ರೆ ಆ ಗುರುತು ಎಲ್ಲಿ, ಯಾರಿಗೆ, ಹಿಂದೆ ಏನು ರೂಢಿ ಇತ್ತು, ಇದನ್ನೆಲ್ಲ ನೋಡ್ತಾರೆ. 1872ರ ಒಪ್ಪಂದ ಕಾಯ್ದೆ ಪ್ರಕಾರ ಒಪ್ಪಿಗೆನ ಮಾತಲ್ಲೇ ಹೇಳಬೇಕು ಅಂತಿಲ್ಲ, ನಡವಳಿಕೆಲೂ ತಿಳಿಸಬಹುದು, ಇನ್ನು ಐಟಿ ಕಾಯ್ದೆಯ 10ಎ ಕಲಂ ಇರೋದ್ರಿಂದ ಮೊಬೈಲಲ್ಲಿ ಆಗಿದ್ದು ಅನ್ನೋ ಒಂದೇ ಕಾರಣಕ್ಕೆ ಕರಾರು ಬಿದ್ದೋಗಲ್ಲ.

ಹಿಂದೆ ಈ ವ್ಯಾಪಾರಿಗೆ ಬರೀ ಹೆಬ್ಬೆಟ್ಟು ಒತ್ತಿ ಮಾಲು ಕೊಟ್ಟಿದ್ದೀರಾ? ಕೊಟ್ಟಿದ್ರೆ ಅವರ ಮಾತಿಗೂ ತೂಕ ಇದೆ, ಕೂತು ಮಾತಾಡಿ ಬಗೆಹರಿಸ್ಕೊಳ್ಳಿ. ಕೊಟ್ಟಿಲ್ಲ ಅಂದ್ರೆ ಹಳೇ ಚಾಟ್ ಡಿಲೀಟ್ ಮಾಡ್ಬೇಡಿ, ಅದೇ ನಿಮ್ಮ ಸಾಕ್ಷಿ, ವಿಷಯ ದೊಡ್ಡದಾದ್ರೆ ವಕೀಲರಿಗೆ ತೋರಿಸಿ. ಮುಂದಕ್ಕೆ ದುಡ್ಡಿನ ಮೆಸೇಜಿಗೆ ಇಮೋಜಿ ಬೇಡ್ವೇ ಬೇಡ. ‘ರೇಟ್ ನೋಡ್ದೆ, ಸಂಜೆ ಹೇಳ್ತೀನಿ’ ಅಂತ ಟೈಪ್ ಮಾಡಿ, ಟೈಪ್ ಬರದಿದ್ರೆ ವಾಯ್ಸ್ ಹಾಕಿ. ಬೆಳೆ ಬೆಳೆಯೋಕೆ ಪಟ್ಟ ಕಷ್ಟದ ಮುಂದೆ ಅದೇನು ದೊಡ್ಡದಲ್ಲ.

ಪ್ರಶ್ನೆ: ಗೌರಿಬಿದನೂರು. ನೆಂಟರ ಗ್ರೂಪಲ್ಲಿ ಸಾವಿನ ಸುದ್ದಿಗೆ ಕೈ ತಪ್ಪಿ ನಗೋ ಇಮೋಜಿ ಬಿದ್ಬಿಡ್ತು. ತೆಗೆದ್ರೆ ಯಾರಿಗೂ ಗೊತ್ತಾಗಲ್ವಾ?

ಉತ್ತರ: ಮೆಸೇಜಿನ ಕೆಳಗಿರೋ ಆ ಇಮೋಜಿ ಒತ್ತಿ, ನಿಮ್ಮ ಹೆಸರಿನ ಮೇಲೆ ಇನ್ನೊಮ್ಮೆ ಒತ್ತಿದ್ರೆ ಹೋಗುತ್ತೆ. ಆದ್ರೆ ತೆಗೆಯೋ ಮುಂಚೆ ಸುದ್ದಿ ಹಾಕಿದವರಿಗೆ ನೋಟಿಫಿಕೇಶನ್ ಹೋಗಿರಬಹುದು, ಗ್ರೂಪಲ್ಲಿ ಯಾರು ಬೇಕಾದ್ರೂ ನೋಡಿರಬಹುದು. ಅದಕ್ಕೆ ತೆಗೆದು ಸುಮ್ನಾಗಬೇಡಿ ಅಮ್ಮ, ಈಗಲೇ ಆ ಮನೆಗೆ ಫೋನ್ ಮಾಡಿ ಕೈ ತಪ್ಪಿ ಬಿತ್ತು ಅಂತ ಹೇಳಿ, ಆಗೋದಾದ್ರೆ ಒಂದ್ಸಲ ಹೋಗಿ ಮಾತಾಡಿಸ್ಕೊಂಡು ಬನ್ನಿ.