ಎರಡನೇ ಹಾಡು ನಿಮ್ಮ ಹತ್ತಿರವೇ ಬರಬೇಕು

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಬೆಂಗಳೂರಿನ ಸ್ಟುಡಿಯೋದಲ್ಲಿ ಆರು ವರ್ಷ ಮಿಕ್ಸಿಂಗ್ ಮಾಡಿದ್ದೀರಿ, ಅಂದರೆ ಬೇರೆಬೇರೆಯಾಗಿ ರೆಕಾರ್ಡ್ ಆದ ದನಿ, ವಾದ್ಯಗಳನ್ನು ಹದವಾಗಿ ಬೆರೆಸಿ ಹಾಡು ಮಾಡುವ ಕೆಲಸ. ಹೆಂಡತಿಗೆ ಬರ್ಲಿನ್‌ನಲ್ಲಿ ಸಾಫ್ಟ್‌ವೇರ್ ಕೆಲಸ ಸಿಕ್ಕಿತು, ಬ್ಲೂ ಕಾರ್ಡ್ ಅನ್ನುವ ಕೆಲಸದ ಪರವಾನಗಿ ಬಂತು, ನೀವೂ ಜೊತೆಗೆ ಬಂದಿರಿ. ಬಂದು ಎರಡು ತಿಂಗಳಾಯಿತು. "ಇಲ್ಲಿ ಮಿಕ್ಸಿಂಗ್ ಮಾಡಿಕೊಂಡೇ ಬದುಕಬಹುದಾ ಅಣ್ಣಾ, ಇಲ್ಲ ಬೇರೆ ಕೆಲಸ ಹುಡುಕಲಾ?" ಅಂತ ಕೇಳಿದ್ದೀರಿ. ಸ್ಟುಡಿಯೋ ಬಾಡಿಗೆಗೆ ಹಿಡಿಯಬೇಕಾ, ಜರ್ಮನ್ ಕಲಿಯಲೇಬೇಕಾ, ಬೆಂಗಳೂರಿನ ಕೆಲಸ ಬಿಟ್ಟುಬಿಡಬೇಕಾ ಅಂತಲೂ ಕೇಳಿದ್ದೀರಿ.

ಬದುಕಬಹುದು. ನಾನು ಹದಿಮೂರು ವರ್ಷದಿಂದ ಅದನ್ನೇ ಮಾಡುತ್ತಿದ್ದೇನೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಮೊದಲನೇ ಹಾಡನ್ನು ಯಾರಾದರೂ ಕೊಡುತ್ತಾರೆ. ಪರಿಚಯಕ್ಕೆ ಕೊಡುತ್ತಾರೆ, ಕಡಿಮೆ ದುಡ್ಡಿಗೆ ಆಗುತ್ತೆ ಅಂತ ಕೊಡುತ್ತಾರೆ. ಅದೇ ಮನುಷ್ಯ ಎರಡನೇ ಹಾಡನ್ನೂ ನಿಮ್ಮ ಹತ್ತಿರ ತಂದರೆ ಆಗ ನಿಮ್ಮ ಕಸುಬು ಶುರುವಾಯಿತು ಅಂತ ಲೆಕ್ಕ. ಕಳೆದ ವರ್ಷ ನಾನು ಮಾಡಿದ ಕೆಲಸದಲ್ಲಿ ಮುಕ್ಕಾಲು ಪಾಲು ಹಳಬರದ್ದೇ. ಹೊಸಬರಲ್ಲೂ ಹೆಚ್ಚಿನವರು ಹಳಬರ ಕೈ ಹಿಡಿದು ಬಂದವರು. ವೆಬ್‌ಸೈಟ್ ನೋಡಿ ಬಂದವರನ್ನು ಬೆರಳಲ್ಲಿ ಎಣಿಸಬಹುದು.

ಕಾಗದಪತ್ರದ ಮಾತು ಬೇಗ ಮುಗಿಸುತ್ತೇನೆ, ಯಾಕಂದರೆ ಇದರಲ್ಲಿ ನೀವು ಅದೃಷ್ಟವಂತರು. ನಾನು ಒಂಟಿಯಾಗಿ ಬಂದವನು. ಸ್ವಂತ ಕೆಲಸದ ಪರವಾನಗಿಗೆ ಇಲ್ಲಿನ ಗ್ರಾಹಕರ ಪತ್ರಗಳನ್ನು ಒಟ್ಟುಮಾಡಿ, ಆದಾಯದ ಅಂದಾಜು ಬರೆದುಕೊಟ್ಟು ಕಾಯಬೇಕಾಯಿತು. ನಿಮ್ಮದು ಹೆಂಡತಿಯ ಜೊತೆ ಬಂದ ಪರವಾನಗಿ. ಕಾರ್ಡಿನಲ್ಲಿ 'ಎರ್ವೆರ್ಬ್ಸ್‌ಟೇಟಿಶ್‌ಕೈಟ್ ಎರ್ಲೌಬ್ಟ್' ಅಂತ ಇದ್ದರೆ ನೌಕರಿಯನ್ನೂ ಮಾಡಬಹುದು, ಸ್ವಂತ ಕೆಲಸವನ್ನೂ ಮಾಡಬಹುದು. ಕೆಲಸ ಶುರು ಮಾಡಿದ ಒಂದು ತಿಂಗಳೊಳಗೆ ತೆರಿಗೆ ಕಚೇರಿಗೆ, ಅಂದರೆ ಫಿನಾಂಟ್ಸ್‌ಆಮ್ಟ್‌ಗೆ, ತಿಳಿಸಬೇಕು. ಎಲ್‌ಸ್ಟರ್ ಅನ್ನುವ ಜಾಲತಾಣದಲ್ಲಿ ಅರ್ಜಿ ತುಂಬಿದರೆ ತೆರಿಗೆ ಸಂಖ್ಯೆ ಬರುತ್ತದೆ. ಅದಿಲ್ಲದೆ ಬಿಲ್ ಬರೆಯಲು ಬರುವುದಿಲ್ಲ. ವರ್ಷದ ವಹಿವಾಟು 25,000 ಯೂರೋ ದಾಟುವವರೆಗೆ 'ಕ್ಲೈನ್‌ಉಂಟರ್‌ನೇಮರ್' ಅನ್ನುವ ಸಣ್ಣ ವ್ಯಾಪಾರಿಯ ಲೆಕ್ಕದಲ್ಲಿ ಇರಬಹುದು. ಆಗ ಬಿಲ್ಲಿಗೆ 19% ಮಾರಾಟ ತೆರಿಗೆ ಸೇರಿಸಬೇಕಾಗಿಲ್ಲ. ಬ್ಯಾಂಡಿನ ಹುಡುಗರಿಗೆ ಆ ತೆರಿಗೆ ಹೊರೆಯೇ, ಹಾಗಾಗಿ ಮೊದಲ ವರ್ಷಗಳಲ್ಲಿ ಇದು ಒಳ್ಳೆಯ ಸವಲತ್ತು.

ಇನ್ನು ಕೋಣೆ. ದಯವಿಟ್ಟು ಈಗಲೇ ಸ್ಟುಡಿಯೋ ಹಿಡಿಯಬೇಡಿ. ಮನೆಯಲ್ಲೇ ಒಂದು ಮೂಲೆ ಮಾಡಿಕೊಳ್ಳಿ, ಒಳ್ಳೆಯ ಹೆಡ್‌ಫೋನ್ ಇಟ್ಟುಕೊಳ್ಳಿ, ಸ್ಪೀಕರನ್ನು ಸಣ್ಣ ದನಿಯಲ್ಲಿ ಕೇಳಿ. ಹಳೆಯ ಕಟ್ಟಡವಾದರೆ ನೆಲ ಮರದ್ದು, ಬೇಸ್ ಸೀದಾ ಕೆಳಗಿನ ಮನೆಗೆ ಇಳಿಯುತ್ತದೆ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಸದ್ದು ಮಾಡುವ ಹಾಗಿಲ್ಲ, ಭಾನುವಾರ ಇಡೀ ದಿನ ಹಾಗೆಯೇ. ಇಲ್ಲಿನವರು ಇದನ್ನು ನಿಜವಾಗಿಯೂ ಪಾಲಿಸುತ್ತಾರೆ. ಇನ್ನೂ ಮಾಡಿಲ್ಲದಿದ್ದರೆ ಈ ವಾರವೇ ಮೇಲಿನ ಮನೆ, ಕೆಳಗಿನ ಮನೆಯವರ ಬಾಗಿಲು ತಟ್ಟಿ ಪರಿಚಯ ಮಾಡಿಕೊಳ್ಳಿ. "ನನ್ನ ಕೆಲಸ ಇದು, ಸದ್ದು ಜಾಸ್ತಿಯಾದರೆ ಹೇಳಿ" ಅಂತ ಫೋನ್ ನಂಬರ್ ಕೊಡಿ. ಒಂದು ವರ್ಷ ಕಳೆದ ಮೇಲೆ, ನಾಲ್ಕೈದು ಜನ ಹಂಚಿಕೊಂಡಿರುವ ಸ್ಟುಡಿಯೋದಲ್ಲಿ ವಾರಕ್ಕೆ ಎರಡು ದಿನ ಜಾಗ ಹಿಡಿಯಿರಿ. ಅಲ್ಲಿ ಸಿಗುವ ಸ್ಪೀಕರಿಗಿಂತ ಅಲ್ಲಿ ಸಿಗುವ ಜನ ಮುಖ್ಯ. ನನ್ನ ಮೊದಲ ದೊಡ್ಡ ಕೆಲಸ ಪಕ್ಕದ ಕೋಣೆಯವನ ಜೊತೆ ಕಾಫಿ ಕುಡಿಯುವಾಗ ಬಂತು. ಅವನಿಗೆ ಕೈತುಂಬ ಕೆಲಸವಿತ್ತು, ಒಂದು ಇ.ಪಿ., ಅಂದರೆ ಕೆಲವೇ ಹಾಡುಗಳ ಸಣ್ಣ ಆಲ್ಬಮ್, ನನ್ನ ಕಡೆ ತಳ್ಳಿದ.

ಎರಡನೇ ಹಾಡು ಯಾಕೆ ಬರುತ್ತದೆ, ಯಾಕೆ ಬರುವುದಿಲ್ಲ ಅನ್ನುವುದಕ್ಕೆ ನನಗೇ ಆದದ್ದು ಹೇಳುತ್ತೇನೆ. ಮೊದಲ ಚಳಿಗಾಲದಲ್ಲಿ ಒಬ್ಬ ಹಾಡುಗಾರ್ತಿಯ ಹಾಡು ಬಂತು. ಗಿಟಾರ್, ದನಿ, ಅಷ್ಟೇ. ಮನೆಯಲ್ಲೇ ರೆಕಾರ್ಡ್ ಮಾಡಿದ್ದರು. ಕೊನೆಯ ಚರಣಕ್ಕೆ ಮುಂಚೆ ಅವರು ಕೂತ ಮರದ ಕುರ್ಚಿ ಕಿರ್ ಅಂತ ಸದ್ದು ಮಾಡುತ್ತದೆ. ನಾನು ಎರಡು ಗಂಟೆ ಕೂತು ಅದನ್ನು ಗುರುತೇ ಇಲ್ಲದ ಹಾಗೆ ತೆಗೆದೆ. ಉಸಿರಿನ ಸದ್ದನ್ನೂ ಇಳಿಸಿದೆ. ತುಂಬ ಚೊಕ್ಕವಾಗಿತ್ತು. ಅವರು ಬಂದು ಕಣ್ಣು ಮುಚ್ಚಿ ಕೇಳಿದರು. ಕುರ್ಚಿಯ ಜಾಗ ಬಂದಾಗ ಕಣ್ಣು ತೆರೆದು ನನ್ನ ಕಡೆ ನೋಡಿದರು. "ನನ್ನ ಕುರ್ಚಿ ಎಲ್ಲಿ?" ಅಂದರು. ಅದು ಅವರ ಅಜ್ಜಿಯ ಕುರ್ಚಿ. ಹಾಡೂ ಅಜ್ಜಿಯ ಮೇಲೆಯೇ. ನಾನು ಸಾಹಿತ್ಯವನ್ನೇ ಕೇಳಿರಲಿಲ್ಲ, ಅದೇನೆಂದು ವಿಚಾರಿಸಿಯೂ ಇರಲಿಲ್ಲ. ಕುರ್ಚಿಯನ್ನು ವಾಪಸ್ ಹಾಕಿದೆ, ದುಡ್ಡೂ ಬಂತು. ಆದರೆ ಅವರು ಮತ್ತೆ ಬರಲಿಲ್ಲ.

ಅವತ್ತಿನಿಂದ ನನ್ನ ರೂಢಿ ಬದಲಾಯಿತು. ಫೈಲ್ ಬಂದ ಕೂಡಲೇ ಪ್ಲಗಿನ್, ಅಂದರೆ ದನಿ ತಿದ್ದುವ ಸಾಫ್ಟ್‌ವೇರ್, ಮುಟ್ಟುವುದಿಲ್ಲ. ಹಾಡಿನವರೇ ಮಾಡಿಕೊಂಡ ಕಚ್ಚಾ ಮಿಕ್ಸ್, ರಫ್ ಮಿಕ್ಸ್ ಅಂತ ಇರುತ್ತದಲ್ಲ, ಅದನ್ನು ಹತ್ತು ಸಲವಾದರೂ ಕೇಳುತ್ತೇನೆ. ನಡೆಯುವಾಗ, ಅಡುಗೆ ಮಾಡುವಾಗ. ಅವರು ತಿಂಗಳುಗಟ್ಟಲೆ ಅದನ್ನೇ ಕೇಳಿ ಅದಕ್ಕೆ ಒಗ್ಗಿಹೋಗಿರುತ್ತಾರೆ. ಆಮೇಲೆ ಫೋನ್ ಮಾಡಿ ಎರಡೇ ಪ್ರಶ್ನೆ ಕೇಳುತ್ತೇನೆ: ಇದರಲ್ಲಿ ಯಾವುದನ್ನು ಮುಟ್ಟಲೇಬಾರದು? ಯಾವುದು ನಿಮಗೆ ನಿದ್ದೆ ಕೆಡಿಸುತ್ತಿದೆ? ಈ ಹತ್ತು ನಿಮಿಷದ ಮಾತು ನಾಲ್ಕು ಸುತ್ತಿನ ತಿದ್ದುಪಡಿ ಉಳಿಸುತ್ತದೆ. ನನ್ನ ಮಿಕ್ಸನ್ನು ಅವರ ರಫ್ ಜೊತೆ ಹೋಲಿಸುವಾಗ ಎರಡರ ದನಿಮಟ್ಟವನ್ನೂ ಸಮ ಮಾಡುತ್ತೇನೆ. ದನಿ ಜಾಸ್ತಿ ಇದ್ದದ್ದು ಯಾವಾಗಲೂ ಚೆನ್ನಾಗಿದೆ ಅನ್ನಿಸುತ್ತದೆ. ಗ್ರಾಹಕನಿಗಿಂತ ಮೊದಲು ನಾವೇ ಮೋಸಹೋಗುತ್ತೇವೆ.

ಇಲ್ಲಿ ಎಂಥೆಂಥ ಇಂಜಿನಿಯರ್‌ಗಳಿದ್ದಾರೆ ಅಂತ ನೋಡಿ ಹೆದರಿಕೆಯಾಗುತ್ತದೆ ಅಂದಿದ್ದೀರಿ. ನಿಜ, ಇದ್ದಾರೆ. ಟೋನ್‌ಮೈಸ್ಟರ್ ಅಂತ ವಿಶ್ವವಿದ್ಯಾಲಯದಲ್ಲಿ ಓದಿ ಬಂದವರು ಸ್ವರಲಿಪಿ ಓದುತ್ತಾ ರೆಕಾರ್ಡ್ ಮಾಡುತ್ತಾರೆ. ಡೆಟ್‌ಮೋಲ್ಡ್ ಊರಿನಲ್ಲಿ ಆ ಓದು 1949ರಲ್ಲೇ ಶುರುವಾಯಿತು. ಆ ಹೆಸರನ್ನು ಸುಮ್ನೆ ನಮಗೆ ನಾವೇ ಹಾಕಿಕೊಳ್ಳಬಾರದು, ಅವರಿಗೆ ಬೇಸರವಾಗುತ್ತದೆ. ಆದರೆ ನಿಮ್ಮ ಕಿವಿಯಲ್ಲಿ ಇರುವುದು ಅವರ ಕಿವಿಯಲ್ಲಿ ಇಲ್ಲ. ಐದನೇ ವರ್ಷದಲ್ಲಿ ನನ್ನ ಹತ್ತಿರ ಒಂದು ಜಾಜ್ ತಂಡ ಬಂತು, ಅದರಲ್ಲಿ ಮೃದಂಗವಿತ್ತು. ಬೇರೊಬ್ಬರು ಮಾಡಿದ್ದ ಮಿಕ್ಸ್‌ನಲ್ಲಿ ಮೃದಂಗ ಯಾಕೋ ಡಬ್ಬದ ಹಾಗೆ ಕೇಳುತ್ತಿತ್ತು. ಸೆಷನ್, ಅಂದರೆ ಎಲ್ಲ ಟ್ರ್ಯಾಕ್‌ಗಳೂ ಬೇರೆಬೇರೆಯಾಗಿರುವ ಫೈಲ್, ತೆರೆದು ನೋಡಿದೆ. ಎರಡೂ ಮುಚ್ಚಿಗೆಗೆ ಒಂದೊಂದು ಮೈಕ್ ಇಟ್ಟಿದ್ದರು, ಎರಡೂ ಎದುರುಬದುರು. ಹಾಗಾಗಿ ಒಂದರ ಅಲೆ ಇನ್ನೊಂದನ್ನು ಅಳಿಸುತ್ತಿತ್ತು. ಒಂದರ ಪೊಲಾರಿಟಿಯನ್ನು, ಅಂದರೆ ಅಲೆಯ ದಿಕ್ಕನ್ನು, ತಿರುಗಿಸಿದ ಕೂಡಲೇ ಹೊಟ್ಟೆ ತುಂಬಿದ ನಾದ ಬಂತು. ಬೇಸ್ ಗಿಟಾರಿನವನು ಮಾತ್ರ ಒಪ್ಪಲಿಲ್ಲ. ಮೃದಂಗದ ಎಡಗೈಯ ಸದ್ದು ತನಗೆ ಅಡ್ಡ ಬರುತ್ತದೆ, 120 ಹರ್ಟ್ಜ್‌ಗಿಂತ ತಗ್ಗಿನ ದನಿಯನ್ನೆಲ್ಲ ಕತ್ತರಿಸು ಅಂದ. ಕತ್ತರಿಸಿದರೆ ಗುಮ್ಕಿಯೇ, ಅಂದರೆ ಎಡಗೈಯ ಆ ಜಾರುವ ನಾದವೇ, ಹೋಗುತ್ತದೆ. ಎಡಮುಚ್ಚಿಗೆಗೆ ರವೆ ಹಚ್ಚುವುದೇ ಆ ತುಂಬು ದನಿಗೆ, ಅಲ್ವಾ? ನಾನು ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಮೃದಂಗವೊಂದನ್ನೇ ಕೇಳಿಸಿದೆ, ಆ ಜಾರುವಿಕೆಯನ್ನು ಬಾಯಲ್ಲಿ ಹೇಳಿ ತೋರಿಸಿದೆ. ಗುಮ್ಕಿ ಬರುವ ಜಾಗದಲ್ಲಿ ಮಾತ್ರ ಬೇಸ್ ಎರಡು ಡಿಬಿ ಇಳಿಯುವ ಹಾಗೆ ಮಾಡಿದೆ. ಅವನು ಮೂರು ಸಲ ಕೇಳಿ "ಈಗ ಅವನು ನನ್ನ ಜೊತೆ ಮಾತಾಡುತ್ತಿದ್ದಾನೆ" ಅಂದ. ಆ ತಂಡದ ನಾಲ್ಕು ಆಲ್ಬಮ್ ನನ್ನ ಕೈಯಲ್ಲೇ ಆದವು. ತಬಲಾ, ವೀಣೆ, ಸರೋದ್, ಇರಾನಿನ ದಫ್, ಯಾವುದು ಬಂದರೂ ಈಗ ಜನ ನನ್ನ ಹೆಸರು ಹೇಳುತ್ತಾರೆ. ನೀವು ಎಷ್ಟು ನಾಗಸ್ವರ, ಎಷ್ಟು ಡೊಳ್ಳು ಮಿಕ್ಸ್ ಮಾಡಿದ್ದೀರೋ ಅದನ್ನೆಲ್ಲ ಮುಂದೆ ಇಡಿ, ಮುಚ್ಚಿಡಬೇಡಿ.

ದುಡ್ಡು. ಗಂಟೆಗೆ ಇಷ್ಟು ಅಂತ ಹೇಳಬೇಡಿ, ಹಾಡಿಗೆ ಇಷ್ಟು ಅನ್ನಿ. ಅರ್ಧ ಮುಂಗಡ. ಎರಡು ಸುತ್ತು ತಿದ್ದುಪಡಿ ಬೆಲೆಯೊಳಗೆ, ಮೂರನೆಯದಕ್ಕೆ ಬೇರೆ. ಕರೋಕೆ ಟ್ರ್ಯಾಕ್, ಸ್ಟೆಮ್ (ದನಿ, ವಾದ್ಯಗಳ ಬೇರೆಬೇರೆ ಫೈಲ್) ಬೇಕಾದರೆ ಅದನ್ನೂ ಮೊದಲೇ ಬರೆದುಕೊಳ್ಳಿ. ನಾನು ಬಾಯಿಮಾತಿನಲ್ಲಿ ನಂಬಿ ಒಂದು ಸಣ್ಣ ಲೇಬಲ್‌ಗೆ ಆರು ಹಾಡು ಮಾಡಿಕೊಟ್ಟು ಐದು ತಿಂಗಳು ಕಾದಿದ್ದೇನೆ. ಆ ಐದು ತಿಂಗಳು ಬಾಡಿಗೆ ಕಟ್ಟಲು ಗೆಳೆಯರ ಹತ್ತಿರ ಕೇಳಿದ್ದು ಇವತ್ತಿಗೂ ನೆನಪಿದೆ.

ಅದಕ್ಕಿಂತ ದೊಡ್ಡ ಪೆಟ್ಟು ತೆರಿಗೆಯದು. ಮೊದಲ ವರ್ಷ ಯಾರೂ ಏನೂ ಕೇಳುವುದಿಲ್ಲ, ಬಂದದ್ದೆಲ್ಲ ನಮ್ಮದೇ ಅನ್ನಿಸುತ್ತದೆ. ಲೆಕ್ಕ ಸಲ್ಲಿಸಿದ ಮೇಲೆ ಹಳೆಯ ವರ್ಷದ ತೆರಿಗೆಯೂ ಈ ವರ್ಷದ ಮುಂಗಡವೂ ಒಟ್ಟಿಗೆ ಬರುತ್ತವೆ. ಮುಂಗಡದ ಕಂತುಗಳು ಮಾರ್ಚ್, ಜೂನ್, ಸೆಪ್ಟೆಂಬರ್, ಡಿಸೆಂಬರ್ ತಿಂಗಳ 10ನೇ ತಾರೀಖಿಗೆ. ಪ್ರತಿ ಬಿಲ್ಲಿನ ದುಡ್ಡು ಬಂದ ದಿನವೇ 30% ತೆಗೆದು ಬೇರೆ ಖಾತೆಗೆ ಹಾಕಿ. ಆ ಖಾತೆಯ ಕಾರ್ಡನ್ನು ಜೇಬಿನಲ್ಲಿ ಇಟ್ಟುಕೊಳ್ಳಬೇಡಿ.

ಆರೋಗ್ಯ ವಿಮೆಗೆ ಸದ್ಯ, ಹೆಂಡತಿ ಸರ್ಕಾರಿ ವಿಮೆಯಲ್ಲಿದ್ದರೆ, ನಿಮ್ಮ ಆದಾಯ ಚಿಕ್ಕದಾಗಿದ್ದು, ಸ್ವಂತ ಕೆಲಸವೇ ನಿಮ್ಮ ಮುಖ್ಯ ಕಸುಬು ಅಂತ ಆಗದಿರುವವರೆಗೆ ಅವರ ಜೊತೆಯಲ್ಲೇ ಇರಬಹುದು. ಕೆಲಸ ಬೆಳೆದ ಮೇಲೆ ಕಲಾವಿದರ ವಿಮಾ ನಿಧಿಗೆ ಅರ್ಜಿ ಹಾಕಿ. ಎಲ್ಲರೂ ಕಾ-ಎಸ್-ಕಾ ಅನ್ನುತ್ತಾರೆ. ಅದರ ಕಾನೂನು 1983ರಿಂದ ಇದೆ, ಕಚೇರಿ ವಿಲ್ಹೆಲ್ಮ್ಸ್‌ಹಾಫನ್‌ನಲ್ಲಿ. ಒಳಗೆ ಸೇರಿಸಿಕೊಂಡರೆ ಆರೋಗ್ಯ, ಪಿಂಚಣಿ ವಿಮೆಯ ಅರ್ಧವನ್ನಷ್ಟೇ ನಾವು ಕಟ್ಟುವುದು. ಸ್ವಂತ ಕೆಲಸದವನಿಗೆ ಇದಕ್ಕಿಂತ ದೊಡ್ಡ ಆಸರೆ ಇಲ್ಲ. ಆದರೆ ನಿಮ್ಮ ಕೆಲಸ ಬರೀ ತಾಂತ್ರಿಕವಲ್ಲ, ಕಲೆಯ ಪಾಲೂ ಇದೆ ಅಂತ ತೋರಿಸಬೇಕು. ಹಾಗಾಗಿ ಇವತ್ತಿನಿಂದಲೇ ಪ್ರತಿ ಹಾಡಿನಲ್ಲೂ ಹೆಸರು ಹಾಕಿಸಿಕೊಳ್ಳಿ, ಒಪ್ಪಂದದ ಪ್ರತಿ ಎತ್ತಿಡಿ.

ಬೆಂಗಳೂರಿನ ಕೆಲಸ ಬಿಡಬೇಡಿ. ಬೇಸಿಗೆಯಲ್ಲಿ ಮೂರೂವರೆ ಗಂಟೆ, ಚಳಿಗಾಲದಲ್ಲಿ ನಾಲ್ಕೂವರೆ ಗಂಟೆ ವ್ಯತ್ಯಾಸ. ಅವರು ಊಟ ಮಾಡಿ ಮಲಗುವ ಹೊತ್ತಿಗೆ ಫೈಲ್ ಕಳಿಸಿದರೆ ಬೆಳಿಗ್ಗೆ ಏಳುವಾಗ ಮಿಕ್ಸ್ ಇರುತ್ತದೆ. ಅವರಿಗೆ ಯೂರೋ ದರ ಹೇಳಬೇಡಿ, ಇಲ್ಲಿನವರಿಗೆ ರೂಪಾಯಿ ದರ ಹೇಳಬೇಡಿ. ಭಾರತದ ಲೇಬಲ್‌ಗಳು ಹಣ ಕಳಿಸುವಾಗ ಟಿಡಿಎಸ್ ಹಿಡಿಯಬಹುದು, ಅದರ ಪತ್ರ ಕೇಳಿ ಇಟ್ಟುಕೊಳ್ಳಿ.

ಜರ್ಮನ್ ಕಲಿಯಿರಿ. ಸಂಗೀತಗಾರರು ಇಂಗ್ಲಿಷ್‌ನಲ್ಲೇ ಮಾತಾಡುತ್ತಾರೆ, ಆದರೆ ಕಚೇರಿಯ ಪತ್ರಗಳೆಲ್ಲ ಜರ್ಮನ್‌ನಲ್ಲಿ. ಅದಕ್ಕಿಂತ ಮುಖ್ಯವಾಗಿ, ಇಲ್ಲಿನ ಹಾಡುಗಳ ಮಾತು ನಿಮಗೆ ಅರ್ಥವಾಗಬೇಕು. ನನಗೆ ಆ ಕುರ್ಚಿ ಅರ್ಥವಾಗದೆ ಹೋದದ್ದೂ ಅದಕ್ಕೇ.

ಡಿಸೆಂಬರ್‌ನಲ್ಲಿ ನಾಲ್ಕು ಗಂಟೆಗೆ ಮುಂಚೆಯೇ ಸೂರ್ಯ ಮುಳುಗುತ್ತಾನೆ. ಒಬ್ಬರೇ ಕೋಣೆಯಲ್ಲಿ ಕೂತು ಮಿಕ್ಸ್ ಮಾಡುವ ಕೆಲಸ ಆ ತಿಂಗಳುಗಳಲ್ಲಿ ತುಂಬ ಭಾರ. ಹೆಂಡತಿ ಆಫೀಸಿನಿಂದ ಬರುವವರೆಗೆ ಮನುಷ್ಯರ ಮುಖವನ್ನೇ ನೋಡದ ದಿನಗಳು ಬರುತ್ತವೆ. ಮಧ್ಯಾಹ್ನ ಬೆಳಕಿರುವಾಗ ಹೊರಗೆ ಹೋಗಿ, ಸಂಜೆ ಸಣ್ಣ ಸಂಗೀತ ಕಛೇರಿಗಳಿಗೆ ಹೋಗಿ. ಇಲ್ಲಿನ ಕನ್ನಡದವರು ರಾಜ್ಯೋತ್ಸವಕ್ಕೆ ಸೇರುತ್ತಾರೆ, ಅಲ್ಲಿ ಮೈಕ್ ನೋಡಿಕೊಳ್ಳುವವರು ಯಾವಾಗಲೂ ಬೇಕು.

ಮಂಗಳವಾರ ಮಧ್ಯಾಹ್ನ ನನ್ನ ಕೋಣೆ ಖಾಲಿ ಇರುತ್ತದೆ. ಬನ್ನಿ. ಮುಗಿಸಿದ ಮಿಕ್ಸ್ ತರಬೇಡಿ, ನಿಮಗೆ ಇವತ್ತಿಗೂ ಸಮಾಧಾನವಾಗದ ಒಂದು ಸೆಷನ್ ತನ್ನಿ, ಅದರ ರಫ್ ಜೊತೆಗೆ. ಇಬ್ಬರೂ ಕೂತು ಮೊದಲು ರಫ್ ಕೇಳೋಣ.