ಹಬ್ಬ, ಊಟದಿಂದ ಆಚೆಗೆ ಹೋಗಲು ಒಂದು ದಾರಿ

ನಿಮ್ಮ ಪದವಿ ವಿದ್ಯಾರ್ಥಿಗಳು ಫ್ರಾನ್ಸಿನ ವಿದ್ಯಾರ್ಥಿಗಳ ಜೊತೆ ಬರಹ ಹಂಚಿಕೊಳ್ಳುತ್ತಿದ್ದಾರೆ, ಆದರೆ ಎಲ್ಲವೂ ‘ನಮ್ಮ ಹಬ್ಬ, ನಮ್ಮ ಊಟ’ ಅಂತಲೇ ನಿಂತುಹೋಗುತ್ತಿದೆ, ಏನು ಮಾಡಲಿ ಅಂತ ಕೇಳಿದ್ದೀರಿ. ವಿಷಯ ತುಂಬಾ ಅಗಲವಾಗಿದ್ದರೆ ಹೀಗೇ ಆಗುತ್ತದೆ. ಮಕ್ಕಳ ತಪ್ಪಲ್ಲ.

ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ 1997ರಲ್ಲಿ ‘ಕಲ್ಟುರಾ’ ಅನ್ನುವ ಯೋಜನೆ ಶುರುವಾಯಿತು, ಎರಡು ದೇಶದ ವಿದ್ಯಾರ್ಥಿಗಳು ಪರಸ್ಪರರ ಸಂಸ್ಕೃತಿಯನ್ನು ಅರಿಯಲಿ ಅಂತ. ಅದರ ದಾರಿ ನಿಮಗೆ ಹೊಂದುತ್ತದೆ. ಅಮೆರಿಕದ ಮತ್ತು ಫ್ರಾನ್ಸಿನ ವಿದ್ಯಾರ್ಥಿಗಳಿಗೆ ಒಂದೇ ಪ್ರಶ್ನೆಪಟ್ಟಿ. ಒಂದು ಪದ ಕೇಳಿದರೆ ಏನು ಹೊಳೆಯುತ್ತದೆ? ‘ಒಳ್ಳೆಯ ಪೋಷಕರು ಅಂದರೆ...’ ಎಂಬ ಸಾಲನ್ನು ಹೇಗೆ ಮುಗಿಸುತ್ತೀರಿ? ಆಮೇಲೆ ಎರಡೂ ಕಡೆಯ ಉತ್ತರಗಳನ್ನು ಅಕ್ಕಪಕ್ಕ ಇಟ್ಟು ನೋಡುತ್ತಾರೆ. ‘ವ್ಯಕ್ತಿವಾದ’ ಅಂದರೆ ಅಮೆರಿಕದವರಿಗೆ ಸ್ವಾತಂತ್ರ್ಯ ಹೊಳೆಯಿತು, ಫ್ರೆಂಚರಿಗೆ ಸ್ವಾರ್ಥ. ಪದ ಒಂದೇ, ಆದರೆ ಅದರ ಬಣ್ಣ ಬೇರೆ! ಚರ್ಚೆ ಹುಟ್ಟುವುದು ಅಲ್ಲೇ.

ಇನ್ನೊಂದು ವಿಷಯ ನನಗೆ ಬಹಳ ಮುಖ್ಯ ಅನಿಸುತ್ತದೆ. ಅಲ್ಲಿ ಪ್ರತಿಯೊಬ್ಬರೂ ತಮ್ಮ ತಮ್ಮ ಭಾಷೆಯಲ್ಲೇ ಬರೆದರು. ನಿಮ್ಮಲ್ಲೂ ಮೊದಲ ಉತ್ತರ ಕನ್ನಡದಲ್ಲಿರಲಿ, ಅನುವಾದ ಆಮೇಲೆ. ಇಂಗ್ಲಿಷಿನಲ್ಲೇ ಶುರು ಮಾಡಿದರೆ ಸುಮ್ನೆ ಒಪ್ಪವಾದ ಮಾತು ಬರುತ್ತದೆ, ಮನಸ್ಸಿನ ಮಾತು ಬರೋದು ಕಷ್ಟ.

ಒಂದು ಸಣ್ಣ ಪ್ರಶ್ನೆಯಿಂದ ಶುರು ಮಾಡಿ: ‘ಅಮ್ಮ ಊಟ ಬಡಿಸಿದಾಗ ಥ್ಯಾಂಕ್ಸ್ ಹೇಳುತ್ತೀರಾ?’ ನಮ್ಮಲ್ಲಿ ಜಾಸ್ತಿ ಜನ ಹೇಳುವುದಿಲ್ಲ, ಹೇಳಿದರೆ ಅಮ್ಮನಿಗೇ ವಿಚಿತ್ರ ಅನಿಸುತ್ತದೆ, ಅಲ್ವಾ? ಯಾಕೆ ಅಂತ ಆ ಕಡೆಯವರು ಕೇಳಲಿ. ಉತ್ತರ ಹುಡುಕಲು ವಿದ್ಯಾರ್ಥಿಗಳಿಗೆ ಒಂದು ವಾರ ಬಿಡಿ, ನೀವು ಮಧ್ಯೆ ವಿವರಿಸಬೇಡಿ.